ಕಡಿಮೆ ಕಾರ್ಬ್ ಸಸ್ಯಾಹಾರ: ಮಧ್ಯಾಹ್ನದ ತನಕ ಸರಿ, ಸಂಜೆಯಾದರೆ ತಡೆಯಲು ಆಗುತ್ತಿಲ್ಲ

ಸಂಜೆಹಸಿವು, ಮೈಸೂರು

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿ ಮನೆ, ಕೂತು ಮಾಡುವ ಆಫೀಸ್ ಕೆಲಸ, ವಯಸ್ಸು ನಲವತ್ತು ದಾಟಿದೆ. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, 6.2 ಬಂತು. 5.7ರ ಒಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನೀವು ನಡುವೆ ಇದ್ದೀರಿ ಎಂದರು ಡಾಕ್ಟರು. ಮಾತ್ರೆ ಬರೆಯಲಿಲ್ಲ. "ಅನ್ನ, ಮುದ್ದೆ, ಸಿಹಿ ಕಡಿಮೆ ಮಾಡಿ. ದಿನಾ ನಡೀರಿ. ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ನಮ್ಮ ತಂದೆಗೆ ಶುಗರ್ ಇತ್ತು. ಕೊನೆಕೊನೆಗೆ ಪೇಪರ್ ಓದಲೂ ಆಗದಷ್ಟು ಕಣ್ಣು ಮಂಜಾಗಿತ್ತು. ಅದನ್ನು ಹತ್ತಿರದಿಂದ ನೋಡಿದವಳು ನಾನು. ಹಾಗಾಗಿ ನನಗಿದು ಸುಮ್ನೆ ತೂಕ ಇಳಿಸುವ ವಿಷಯ ಅಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ. ಎಲ್ಲಿ ಹುಡುಕಿದರೂ ಸಿಗುವ ಪಟ್ಟಿಯಲ್ಲಿ ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ಕೋಳಿ, ರಾತ್ರಿ ಮೀನು. ಅವನ್ನೆಲ್ಲ ಹೊಡೆದು ಹಾಕಿದರೆ ಉಳಿಯುವುದು ಪನೀರ್, ಸೌತೆಕಾಯಿ, ನಾಲ್ಕು ಬಾದಾಮಿ.

ನನ್ನ ದಿನ ಹೀಗಿದೆ. ಬೆಳಗ್ಗೆ ತರಕಾರಿ ಜಾಸ್ತಿ ಹಾಕಿದ ಉಪ್ಪಿಟ್ಟು, ಸ್ವಲ್ಪವೇ. ಮಧ್ಯಾಹ್ನ ಎರಡು ಚಪಾತಿ, ಪಲ್ಯ. ಅಲ್ಲಿವರೆಗೆ ಏನೂ ಕಷ್ಟವಿಲ್ಲ. ಸಂಜೆ ಆರು ಗಂಟೆಗೆ ಮನೆಗೆ ಬಂದರೆ ಕೈ ನಡುಗುವಷ್ಟು ಹಸಿವು. ಕಾಫಿ ಜೊತೆ ಡಬ್ಬದಲ್ಲಿರುವ ಕೋಡುಬಳೆ, ನಿಪ್ಪಟ್ಟು, ಅವಲಕ್ಕಿ, ಏನು ಸಿಕ್ಕಿದರೂ ಸರಿ. ರಾತ್ರಿ ತಿಳಿಸಾರು ಅನ್ನ ಕಂಡರೆ ಮತ್ತೆ ಎರಡು ಸಲ ಬಡಿಸಿಕೊಳ್ಳುತ್ತೇನೆ. ಅನ್ನ ಬಿಟ್ಟ ಮೊದಲ ವಾರ ತಲೆನೋವೂ ಇತ್ತು. ಇದರ ಮೇಲೆ ನಮ್ಮ ಅತ್ತೆಯವರು, "ಕೊನೆಗೊಂದು ತುತ್ತು ಮಜ್ಜಿಗೆ ಅನ್ನ ಉಣ್ಣದೆ ಎದ್ದರೆ ಅದು ಊಟ ಹೇಗಾಗುತ್ತೆ?" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು.

ನಮ್ಮ ಕಡೆ ಊಟದಲ್ಲೇ ಇದನ್ನು ಮಾಡಿಕೊಂಡವರು ಯಾರಾದರೂ ಇದ್ದೀರಾ? ಅನ್ನದ ಬದಲು ಮುದ್ದೆ ಉಂಡರೆ ಸಾಕಾ?

ಮುದ್ದೆಮನೆ, ಮಂಡ್ಯ

ಅಕ್ಕಾ, ಸಾಕು ಅಂತಲೇ ನನ್ನ ಅಭಿಪ್ರಾಯ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತ ಗಾದೆಯೇ ಇದೆ. ನಮ್ಮ ತಾತ ಎಂಬತ್ತರ ಮೇಲೂ ಎರಡು ಹೊತ್ತು ಮುದ್ದೆ ಉಣ್ಣುತ್ತಿದ್ದರು, ಶುಗರ್ ಅನ್ನುವ ಮಾತೇ ಇರಲಿಲ್ಲ. ಅನ್ನ ಬಿಡಿ, ಚಪಾತಿ ಬಿಡಿ, ಎರಡು ಹೊತ್ತು ಮುದ್ದೆ ಸೊಪ್ಪಿನ ಸಾರು ಉಣ್ಣಿ. ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಸಂಜೆ ಹಸಿವು ತಾನಾಗಿ ಹೋಗುತ್ತದೆ.

ಊಟದಲೆಕ್ಕ, ಮೈಸೂರು

ನಾನು ಆಹಾರ ತಜ್ಞೆ. ಮುದ್ದೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಇದನ್ನೇ ನಂಬಿಕೊಂಡು ಬರುತ್ತಾರೆ. ರಾಗಿ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. ಇಷ್ಟು ಕ್ಯಾಲ್ಸಿಯಂ ಇರುವ ಧಾನ್ಯ ಇನ್ನೊಂದಿಲ್ಲ. ಆದರೆ ಅದೇ 100 ಗ್ರಾಂನಲ್ಲಿ ಕಾರ್ಬ್, ಅಂದರೆ ಪಿಷ್ಟ ಸಕ್ಕರೆಯ ಅಂಶ, 67 ಗ್ರಾಂ ಹತ್ತಿರ ಇದೆ. ಅಕ್ಕಿಯಲ್ಲಿ 78. ಅಂತರ ಅಷ್ಟೇ. ನಮ್ಮ ಕಡೆ ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಸಲೀಸಾಗಿ ಹೋಗುತ್ತದೆ. ಕಡಿಮೆ ಕಾರ್ಬ್ ಅಂದರೆ ದಿನಕ್ಕೆ 130 ಗ್ರಾಂ ಒಳಗೆ ಎಂದು ಸಾಮಾನ್ಯವಾಗಿ ಲೆಕ್ಕ. ಎರಡು ದೊಡ್ಡ ಮುದ್ದೆ ಉಂಡರೆ ಅಲ್ಲಿಗೇ ಮುಗಿಯಿತು. ನವಣೆ, ಸಾಮೆ, ಹಾರಕವೂ ಹೀಗೆಯೇ. ನಾರು ಜಾಸ್ತಿ, ನಿಜ. ಆದರೆ ಸಿರಿಧಾನ್ಯ ಅಂದ ಕೂಡಲೇ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ.

ಈಗ ಸಂಜೆಹಸಿವು ಅವರ ದಿನ ನೋಡಿ. ಉಪ್ಪಿಟ್ಟು, ಚಪಾತಿ, ಪಲ್ಯ. ಸಂಜೆ ಆರರ ತನಕ ಹೊಟ್ಟೆಗೆ ಬಿದ್ದ ಪ್ರೋಟೀನ್ ತೀರಾ ಕಡಿಮೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ಇದ್ದರೆ 50 ಗ್ರಾಂ. ಅದರಲ್ಲಿ ಮೂರನೇ ಒಂದು ಭಾಗವೂ ಸಂಜೆಯೊಳಗೆ ನಿಮಗೆ ಸಿಗುತ್ತಿರುವ ಹಾಗೆ ಕಾಣುವುದಿಲ್ಲ. ಹೊಟ್ಟೆ ತುಂಬಿಸುತ್ತಿದ್ದ ಅನ್ನವನ್ನು ತೆಗೆದಿರಿ, ಆ ಜಾಗಕ್ಕೆ ಏನನ್ನೂ ಇಡಲಿಲ್ಲ. ಹಾಗಾಗಿ ಆರು ಗಂಟೆಯ ಹಸಿವು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಮಧ್ಯಾಹ್ನದ ತಟ್ಟೆಯಲ್ಲಿ ಏನೋ ಕಡಿಮೆಯಾಗಿದೆ, ಅಷ್ಟೇ.

ಮೊಟ್ಟೆ ಇಲ್ಲದೆ ಎಲ್ಲಿಂದ ತರುವುದು? 100 ಗ್ರಾಂ ಪನೀರಿನಲ್ಲಿ 18 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 30 ಗ್ರಾಂ, ಅದರಲ್ಲಿ 7 ಗ್ರಾಂ ಪ್ರೋಟೀನ್, ಕಾರ್ಬ್ ಬರೀ 5 ಗ್ರಾಂ. ಒಣ ಸೋಯಾ ಚಂಕ್ಸ್ 30 ಗ್ರಾಂ ನೆನೆಸಿದರೆ 15 ಗ್ರಾಂ ಪ್ರೋಟೀನ್. ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರಿನಲ್ಲಿ 6-7. ಬೇಳೆ ಕಾಳುಗಳ ವಿಷಯಕ್ಕೆ ಬಂದರೆ, 100 ಗ್ರಾಂ ಒಣ ಬೇಳೆಯಲ್ಲಿ 22-24 ಗ್ರಾಂ ಪ್ರೋಟೀನ್ ಇದ್ದರೂ ಕಾರ್ಬ್ 50-60 ಗ್ರಾಂ ಇರುತ್ತದೆ. ಬಿಡಬೇಕಿಲ್ಲ. ಅದನ್ನು ಅನ್ನಕ್ಕೆ ಜೊತೆಯಾಗಿ ಅಲ್ಲ, ಅನ್ನದ ಬದಲಿಗೆ ಅಂತ ಲೆಕ್ಕ ಹಾಕಿ.

ತಲೆನೋವು ಉಪ್ಪು ನೀರಿನ ಕೊರತೆಯಿಂದ ಬಂದಿರಬಹುದು. ಕಾರ್ಬ್ ಇಳಿಸಿದ ಮೊದಲ ದಿನಗಳಲ್ಲಿ ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕರಗುತ್ತದೆ. ಅದು ಹಿಡಿದಿಟ್ಟುಕೊಂಡ ನೀರು ಹೊರಗೆ ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಬಿಪಿ ಇಲ್ಲದಿದ್ದರೆ ಉಪ್ಪು ಹಾಕಿದ ನೀರು ಮಜ್ಜಿಗೆ, ತಿಳಿಸಾರು ಕುಡಿಯಿರಿ. ಬಿಪಿ ಇದ್ದರೆ ಡಾಕ್ಟರನ್ನು ಕೇಳಿ.

ಮುದ್ದೆಮನೆ, ಮಂಡ್ಯ

ಮೇಡಂ, ಲೆಕ್ಕ ಒಪ್ಪಿದೆ. ಆದರೆ ಒಂದು ಮಾತು ಸೇರಿಸಬೇಕು. ನಮ್ಮ ತಾತ ಬೆಳಗ್ಗೆ ಐದಕ್ಕೆ ಎದ್ದು ನೇಗಿಲು ಹಿಡಿದರೆ ಹತ್ತಕ್ಕೆ ಊಟ. ಆ ಮುದ್ದೆ ಗದ್ದೆಯಲ್ಲೇ ಕರಗುತ್ತಿತ್ತು. ನಾನು ಅದೇ ಮುದ್ದೆ ಉಂಡು ಅಂಗಡಿ ಗಲ್ಲಾ ಮೇಲೆ ಕೂರುತ್ತೇನೆ. ನಮ್ಮ ಜಿಲ್ಲೆಯ ಊಟವೂ ಬದಲಾಗಿದೆ. ಕನ್ನಂಬಾಡಿ ನೀರು 1930ರ ದಶಕದಲ್ಲಿ ನಾಲೆಗೆ ಬಂದ ಮೇಲೆ ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಅದಕ್ಕೆ ಮುಂಚೆ ಅನ್ನ ಹಬ್ಬದ ದಿನದ್ದು ಅಂತ ತಾತ ಹೇಳುತ್ತಿದ್ದರು. ಈಗ ಮುದ್ದೆ ಆದ ಮೇಲೆ ಅನ್ನ, ಅನ್ನ ಆದ ಮೇಲೆ ಬಾಳೆಹಣ್ಣು. ಮೂರೂ ಒಂದೇ ಊಟಕ್ಕೆ. ಅವರು ಒಂದನ್ನು ಮಾತ್ರ ಉಂಡಿದ್ದು.

ಹಾಗಾಗಿ ನಾನು ಕೇಳುವುದು ಇಷ್ಟು: ನಿಂಬೆಗಾತ್ರಕ್ಕೆ ಸ್ವಲ್ಪ ದೊಡ್ಡದು, ಅಂಗೈಯಲ್ಲಿ ಮುಚ್ಚುವಷ್ಟು ಮುದ್ದೆ, ಅನ್ನ ಇಲ್ಲದೆ. ಪರವಾಗಿಲ್ವಾ?

ಊಟದಲೆಕ್ಕ, ಮೈಸೂರು

ಖಂಡಿತ ಪರವಾಗಿಲ್ಲ. 30-35 ಗ್ರಾಂ ಹಿಟ್ಟಿನದ್ದು ಅಂದರೆ 20ರಿಂದ 23 ಗ್ರಾಂ ಕಾರ್ಬ್. ಮುಂಚೆ ಪಲ್ಯ, ಕಾಳು, ಕೋಸಂಬರಿ ತಿಂದು ಕೊನೆಗೆ ಮುದ್ದೆ ಉಣ್ಣಿ. ತರಕಾರಿ, ಪ್ರೋಟೀನ್ ಮೊದಲು ಹೋಗಿ ಕಾರ್ಬ್ ಆಮೇಲೆ ಹೋದರೆ ಊಟದ ನಂತರದ ಶುಗರ್ ಅಷ್ಟು ಏರುವುದಿಲ್ಲ. ಇದು ಪರೀಕ್ಷೆಗಳಲ್ಲಿ ಕಂಡ ವಿಷಯ.

ಬೆಣ್ಣೆಪನೀರ್, ಮೈಸೂರು

ನಾನು ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಸ್ವಲ್ಪ ಸ್ವಲ್ಪ ಅನ್ನುವುದು ಯಾವತ್ತೂ ಆಗಿಬರಲಿಲ್ಲ. ಅರ್ಧ ಮುದ್ದೆ ಉಂಡರೆ ಇನ್ನರ್ಧದ ಮೇಲೇ ಮನಸ್ಸು. ಕೀಟೋ, ಅಂದರೆ ಕಾರ್ಬ್ ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಊಟ, ಶುರು ಮಾಡಿ ಕಾರ್ಬ್ ದಿನಕ್ಕೆ 50 ಗ್ರಾಂ ಒಳಗೆ ಇಳಿಸಿದ ಮೇಲೆ ಹಸಿವೇ ಬೇರೆ ಥರ ಆಯಿತು. ಬೆಳಗ್ಗೆ ಬೆಣ್ಣೆಯಲ್ಲಿ ಹುರಿದ ಪನೀರ್, ಮಧ್ಯಾಹ್ನ ತೆಂಗಿನಕಾಯಿ ಧಾರಾಳ ಹಾಕಿದ ಹೀರೆಕಾಯಿ, ಹುರುಳಿಕಾಯಿ ಪಲ್ಯ, ಮೊಸರು. ರಾತ್ರಿ ಸೊಪ್ಪು, ಪನೀರ್, ಕಡಲೆಕಾಯಿ ಚಟ್ನಿ. ಮಧ್ಯಾಹ್ನ ನಾಲ್ಕು ಗಂಟೆಗೆ ಬರುತ್ತಿದ್ದ ತೂಕಡಿಕೆ ಹೋಯಿತು. ಸಂಜೆಹಸಿವು ಅವರೇ, ಡಾಕ್ಟರ ಒಪ್ಪಿಗೆ ಇದ್ದರೆ ಒಂದು ಸಲ ಪೂರ್ತಿ ಬಿಟ್ಟು ನೋಡಿ. ಅರ್ಧಂಬರ್ಧ ಬಿಟ್ಟರೇ ಹಿಂಸೆ ಜಾಸ್ತಿ.

ನಿವೃತ್ತ ಮೇಷ್ಟ್ರು, ಪಾಂಡವಪುರ

ಬೆಣ್ಣೆಪನೀರ್ ಅವರ ಮಾತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಇದನ್ನು ಓದುವವರಲ್ಲಿ ಮಾತ್ರೆ ತೆಗೆದುಕೊಳ್ಳುವವರೂ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಗಮನವಿಟ್ಟು ಓದಿ.

ನಾನು ಗ್ಲಿಮೆಪಿರೈಡ್ ಮಾತ್ರೆಯ ಮೇಲಿದ್ದೇನೆ. ನನ್ನ ಸ್ನೇಹಿತರೊಬ್ಬರು ಇದೇ ಮಾತ್ರೆಯವರು. ಯಾರೋ ಹೇಳಿದರು ಅಂತ ಒಂದೇ ದಿನ ಅನ್ನ, ಮುದ್ದೆ, ಇಡ್ಲಿ ಎಲ್ಲ ನಿಲ್ಲಿಸಿದರು. ಮಾತ್ರೆ ಮಾತ್ರ ಮೊದಲಿನಷ್ಟೇ. ಶ್ರೀರಂಗಪಟ್ಟಣದಲ್ಲಿ ಬಸ್ಸಿನಿಂದ ಇಳಿಯುವಾಗ ಮೈಯೆಲ್ಲ ಬೆವರು, ಕಣ್ಣು ಕತ್ತಲೆ, ಮಾತು ತೊದಲು. ಪಕ್ಕದಲ್ಲಿದ್ದ ಹೆಂಗಸು ಗುರುತು ಹಿಡಿದು ಬಾಯಿಗೆ ಸಕ್ಕರೆ ಹಾಕಿದ್ದಕ್ಕೆ ಉಳಿದರು. ಆ ಮಾತ್ರೆ ಊಟ ಕಮ್ಮಿಯಾಯಿತಾ ಅಂತ ಕೇಳುವುದಿಲ್ಲ. ಅದರ ಪಾಡಿಗೆ ಅದು ಶುಗರ್ ಇಳಿಸುತ್ತಲೇ ಇರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ನಾನು ಊಟ ಇಳಿಸುವ ಮುಂಚೆ ಡಾಕ್ಟರ ಹತ್ತಿರ ಹೋಗಿ, ಇಂತಿಷ್ಟು ಕಡಿಮೆ ಮಾಡುತ್ತೇನೆ ಎಂದು ಹೇಳಿದೆ. ಅವರು ಮಾತ್ರೆಯ ಪ್ರಮಾಣ ಅರ್ಧ ಮಾಡಿದರು, ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳಲು ಹೇಳಿದರು. ಜೇಬಿನಲ್ಲಿ ಈಗಲೂ ಗ್ಲೂಕೋಸ್ ಪುಡಿ ಇರುತ್ತದೆ.

ಊಟದಲೆಕ್ಕ, ಮೈಸೂರು

ಮೇಷ್ಟ್ರಿಗೆ ಬಹಳ ಧನ್ಯವಾದ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಮಾಡಲೇಬೇಡಿ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳಿವು. ಇವುಗಳ ಜೊತೆ ಕಾರ್ಬ್ ತೀರಾ ಇಳಿಸಿದರೆ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ಶುಗರ್ ಸಾಧಾರಣ ಇದ್ದಾಗಲೂ ಬರಬಹುದು, ಅದಕ್ಕೇ ಬೇಗ ಗೊತ್ತಾಗುವುದಿಲ್ಲ. ಬಿಪಿ ಮಾತ್ರೆಯವರು, ಕಿಡ್ನಿ ತೊಂದರೆ ಇರುವವರು, ಬಸುರಿ ಬಾಣಂತಿಯರು ಯಾರನ್ನೂ ಕೇಳದೆ ಶುರು ಮಾಡಬೇಡಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿರುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿ. ನಮ್ಮ ಊಟದಲ್ಲಿ ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ. ಮಾತ್ರೆ ಅದನ್ನೂ ದೇಹ ಪೂರ್ತಿ ಹೀರಲು ಬಿಡುವುದಿಲ್ಲ.

ಸಂಜೆಹಸಿವು ಅವರೇ, ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ? ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದುಂಟು. ಡಾಕ್ಟರ ಹತ್ತಿರ ಅದನ್ನೂ ಒಂದು ಸಲ ಕೇಳಿ.

ಬೆರಕೆಸೊಪ್ಪು, ಶ್ರೀರಂಗಪಟ್ಟಣ ತಾಲ್ಲೂಕು

ಲೆಕ್ಕ ಎಲ್ಲ ಆಯಿತು, ನಾನು ಒಲೆ ಹತ್ತಿರದ ಮಾತು ಹೇಳುತ್ತೇನೆ. ನಮ್ಮೆಜಮಾನರಿಗೆ ಶುಗರ್ ಬಂದ ಮೇಲೆ ಬೇರೆ ಅಡುಗೆ ಅಂತ ಮಾಡಲು ಹೋಗಲಿಲ್ಲ. ಇಬ್ಬರಿಗೆ ಒಂದು ಅಡುಗೆ, ಒಬ್ಬರಿಗೆ ಇನ್ನೊಂದು ಅಂದರೆ ಯಾವ ಮನೆಯಲ್ಲೂ ಬಹಳ ದಿನ ನಡೆಯಲ್ಲ.

ನಮ್ಮ ಕಡೆ ಬಸ್ಸಾರು ಮಾಡುವುದು ನಿಮಗೆಲ್ಲ ಗೊತ್ತು. ಸೊಪ್ಪು ಕಾಳು ಬೇಯಿಸಿ ನೀರು ಬಸಿದು ಆ ನೀರಿನಲ್ಲಿ ಸಾರು, ಬಸಿದು ಉಳಿದಿದ್ದರಲ್ಲಿ ಪಲ್ಯ. ಇಷ್ಟು ವರ್ಷ ನಾವು ಮಾಡುತ್ತಿದ್ದದ್ದು ಏನು? ಆ ಸಾರನ್ನು ಅನ್ನಕ್ಕೆ, ಮುದ್ದೆಗೆ ಸುರಿದುಕೊಂಡು, ಪಲ್ಯವನ್ನು ತಟ್ಟೆ ಅಂಚಿಗೆ ಒಂದು ಚಮಚ ಹಾಕಿಕೊಳ್ಳುವುದು. ಈಗ ಪಲ್ಯ ಒಂದು ದೊಡ್ಡ ಬಟ್ಟಲು, ಸಾರು ಲೋಟದಲ್ಲಿ ಕುಡಿಯಲು, ಮುದ್ದೆ ಅಂಚಿಗೆ. ಅಡುಗೆ ಅದೇ. ಅಳತೆ ತಿರುಗಿಸಿದೆ.

ಸೊಪ್ಪು ಯಾವುದಾದರೂ ಸರಿ. ಗದ್ದೆ ಬದುವಿನಲ್ಲಿ ಕಿತ್ತ ಬೆರಕೆ ಸೊಪ್ಪಾದರೆ ಅದರ ರುಚಿಯೇ ಬೇರೆ. ಮೈಸೂರಿನಲ್ಲಿ ದೇವರಾಜ ಮಾರ್ಕೆಟ್ಟಿನಲ್ಲಿ ಕೀರೆ, ದಂಟು, ಸಬ್ಬಸಿಗೆ, ಹೊನಗೊನೆ ಸಿಗುತ್ತದೆ. ಎರಡು ಮೂರು ಥರ ಸೇರಿಸಿ. ನಾಲ್ಕು ಜನಕ್ಕೆ ಮೂರು ದೊಡ್ಡ ಕಂತೆ ಬೇಕು. ಬೆಂದರೆ ಹಿಡಿಯಷ್ಟಾಗುತ್ತದೆ, ಅದಕ್ಕೇ ಕಮ್ಮಿ ತರಬೇಡಿ. ಹುರುಳಿಕಾಳು ಅಥವಾ ಹೆಸರುಕಾಳು ಒಂದು ಲೋಟ, ರಾತ್ರಿಯೇ ನೆನೆಹಾಕಿ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ. ಮೊದಲೇ ಹಾಕಿದರೆ ಸೊಪ್ಪು ಕರಗಿ ಹೋಗುತ್ತದೆ, ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ಮುಚ್ಚಳ ಹಾಕಬೇಡಿ, ಬಣ್ಣ ಕೆಡುತ್ತದೆ. ಬಸಿದ ಮೇಲೆ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ. ಸೊಪ್ಪು ಕಾಳು ಹಾಕಿ ಕೈಯಾಡಿಸಿ, ತೇವ ಪೂರ್ತಿ ಆರುವ ತನಕ ಬಿಡಿ. ಈ ತೇವ ಆರಿಸುವುದೇ ಮುಖ್ಯ. ನೀರು ನೀರಾಗಿದ್ದರೆ ಅನ್ನ ಬೇಕು ಅನ್ನಿಸುತ್ತದೆ. ಉದುರು ಉದುರಾಗಿದ್ದರೆ ಹಾಗೇ ತಿನ್ನಬಹುದು. ಕೊನೆಗೆ ಒಂದು ಹಿಡಿ ಕಾಯಿತುರಿ, ಅದರ ಮೇಲೆ ಹುರಿದು ಕುಟ್ಟಿದ ಹುಚ್ಚೆಳ್ಳು ಪುಡಿ ಎರಡು ಚಮಚ. ಹುಚ್ಚೆಳ್ಳು ಹಾಕಿದರೆ ಜಿಡ್ಡು ಇರುವುದರಿಂದ ಹೊಟ್ಟೆಯಲ್ಲಿ ನಿಲ್ಲುತ್ತದೆ.

ಉಪ್ಪುಸಾರೂ ಹಾಗೆಯೇ. ಬೇಯಿಸಿದ ಹುರುಳಿಕಾಯಿ, ಸೊಪ್ಪು, ಕಾಳು ಬಟ್ಟಲಿಗೆ ಹಾಕಿ, ಉಪ್ಪುನೀರು ಬಿಟ್ಟು, ರುಬ್ಬಿದ ಖಾರ ಒಂದು ಉಂಡೆ ಕಲಸಿ. ಅನ್ನದ ನೆನಪೇ ಬರಲ್ಲ.

ಸಂಜೆಹಸಿವು, ಮೈಸೂರು

ಅಕ್ಕಾ, ನಮ್ಮ ಅತ್ತೆಯವರು ಬೆಳ್ಳುಳ್ಳಿ ತಿನ್ನುವುದಿಲ್ಲ. ಇಂಗು ಹಾಕಿದರೆ ನಡೆಯುತ್ತಾ?

ಬೆರಕೆಸೊಪ್ಪು, ಶ್ರೀರಂಗಪಟ್ಟಣ ತಾಲ್ಲೂಕು

ನಡೆಯುತ್ತೆ ತಾಯಿ. ಒಗ್ಗರಣೆಗೆ ಇಂಗು, ಮೇಲೆ ಎರಡು ಚಮಚ ತುಪ್ಪ. ಸಾರಿಗೆ ಜೀರಿಗೆ ಮೆಣಸು ಜಾಸ್ತಿ ಮಾಡಿ.

ಟ್ರೈನ್‌ಪಾಸ್, ಮಂಡ್ಯ

ನಾನು ದಿನಾ ಬೆಂಗಳೂರಿಗೆ ಟ್ರೈನಿನಲ್ಲಿ ಓಡಾಡುವವನು. ಸಂಜೆ ಹಸಿವಿನ ಕಷ್ಟ ನನಗೆ ಚೆನ್ನಾಗಿ ಗೊತ್ತು. ಬೋಗಿಯೊಳಗೆ ಬಿಸಿ ಮದ್ದೂರು ವಡೆ ಬಂದರೆ ಆ ಈರುಳ್ಳಿ ಘಮಕ್ಕೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅದು ಮೈದಾ, ಚಿರೋಟಿ ರವೆ, ಅಕ್ಕಿಹಿಟ್ಟು, ಎಣ್ಣೆ. ಗೊತ್ತಿದ್ದರೂ ಬೇಡ ಅನ್ನಲು ಆಗುತ್ತಿರಲಿಲ್ಲ.

ನನಗೆ ಉಪಯೋಗಕ್ಕೆ ಬಂದಿದ್ದು ಮನಸ್ಸು ಗಟ್ಟಿ ಮಾಡುವುದಲ್ಲ, ಹೊತ್ತು ಬದಲಾಯಿಸುವುದು. ಟ್ರೈನ್ ಚನ್ನಪಟ್ಟಣ ದಾಟುವ ಮೊದಲೇ ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಸೌತೆಕಾಯಿ ಒಂದು ತಿಂದುಬಿಡುತ್ತೇನೆ. ವಡೆ ಬರುವ ಹೊತ್ತಿಗೆ ಹೊಟ್ಟೆ ಕೂಗುವುದಿಲ್ಲ. ಘಮ ಬರುತ್ತದೆ, ಹೋಗುತ್ತದೆ. ಸಂಜೆಹಸಿವು ಅವರೂ ಮನೆಗೆ ಬಂದು ಡಬ್ಬ ತೆಗೆಯುವ ತನಕ ಕಾಯಬೇಡಿ. ಆಫೀಸಿನಲ್ಲೇ ಐದಕ್ಕೆ ಏನಾದರೂ ತಿಂದು ಹೊರಡಿ.

ಪಿಜಿರೂಮು, ಮೈಸೂರು

ಕುವೆಂಪುನಗರದಲ್ಲಿ ಪಿಜಿಯಲ್ಲಿದ್ದೇನೆ. ನನಗೆ ಅಡುಗೆಮನೆಯೇ ಇಲ್ಲ. ಬೆಳಗ್ಗೆ ಚಿತ್ರಾನ್ನ, ರಾತ್ರಿ ಅನ್ನ ಸಾರು, ಆಲೂಗಡ್ಡೆ ಪಲ್ಯ. ಪನೀರ್ ದಿನಾ ಕೊಳ್ಳಲು ದುಡ್ಡು ಸಾಲದು. ಮಾಡುವುದು ಇಷ್ಟು: ನಂದಿನಿ ಮೊಸರು ಪ್ಯಾಕೆಟ್ ದಿನಾ ಒಂದು. ಸೋಯಾ ಚಂಕ್ಸ್ ಕೆಟಲ್ಲಿನ ಬಿಸಿನೀರಲ್ಲಿ ಉಪ್ಪು ಹಾಕಿ ನೆನೆಸಿ, ಎರಡು ಸಲ ಹಿಂಡಿ, ಮೆಸ್ಸಿನ ಸಾರಿಗೇ ಹಾಕಿಕೊಳ್ಳುತ್ತೇನೆ. ಹಿಂಡದಿದ್ದರೆ ವಾಸನೆ ಬರುತ್ತದೆ. ಅನ್ನ ಒಂದೇ ಸೌಟು. ಪಿಜಿಯಲ್ಲಿರುವವರು ಪಟ್ಟಿ ಪೂರ್ತಿ ಪಾಲಿಸಲು ಆಗುವುದಿಲ್ಲ ಅಂತ ಬಿಡಬೇಡಿ. ಇಷ್ಟು ಮಾಡಿದರೂ ಓದುವಾಗ ತೂಕಡಿಕೆ ಕಡಿಮೆಯಾಗಿದೆ.

ಸಂಜೆಹಸಿವು, ಮೈಸೂರು

ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಒಂದೊಂದಾಗಿ ಮಾಡಿ ನೋಡಿದೆ.

ಬೆಳಗ್ಗೆ ಉಪ್ಪಿಟ್ಟಿನ ಬದಲು ಹೆಸರುಬೇಳೆ ನೆನೆಸಿ ರುಬ್ಬಿದ ಒಂದು ದೋಸೆ, ಒಳಗೆ ತುರಿದ ಪನೀರ್. ಮಧ್ಯಾಹ್ನ ಒಂದೇ ಚಪಾತಿ, ಡಬ್ಬಿ ತುಂಬ ಕಾಳು ಪಲ್ಯ, ಮೊಸರು. ಐದಕ್ಕೆ ಕಡಲೆಕಾಯಿ. ಆರು ಗಂಟೆಗೆ ಮನೆಗೆ ಬಂದಾಗ ಹಸಿವು ಇರುತ್ತದೆ, ಆದರೆ ಕೈ ನಡುಗುವ ಹಸಿವು ಅಲ್ಲ. ಇದು ನನಗೆ ಎಷ್ಟು ಸಮಾಧಾನ ಅಂತ ಹೇಳಲು ಆಗುವುದಿಲ್ಲ. ಇಷ್ಟು ದಿನ ನನ್ನಲ್ಲೇ ಏನೋ ಐಬಿದೆ ಅಂದುಕೊಂಡು ಕೊರಗುತ್ತಿದ್ದೆ. ರಾತ್ರಿ ಊಟ ಏಳೂವರೆಗೆ ತಂದಿದ್ದೇನೆ. ಊಟ ಆದ ಮೇಲೆ ಯಜಮಾನರ ಜೊತೆ ಸ್ವಲ್ಪ ಹೊತ್ತು ನಡೆಯುತ್ತೇನೆ. ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಪೂರ್ತಿ ಸುತ್ತು. ಹಿಮೋಗ್ಲೋಬಿನ್ ನೋಡಿಸಿದೆ, ಸ್ವಲ್ಪ ಕಡಿಮೆಯೇ ಇತ್ತು. ಅದಕ್ಕೂ ಚಿಕಿತ್ಸೆ ಶುರುವಾಗಿದೆ.

ಉಳಿದಿರುವ ಕಷ್ಟ ಎರಡು. ಒಂದು, ಮಲಬದ್ಧತೆ. ಎರಡನೆಯದು ಅತ್ತೆಯವರು. ಅವರ ಕೈಯಡುಗೆ ಬೇಡ ಅಂದಾಗ ಅವರ ಮುಖ ಸಣ್ಣದಾಗುತ್ತದೆ. ಮುಂದೆ ಗೌರಿ ಗಣೇಶ, ಆಮೇಲೆ ದಸರಾ. ಕಡುಬು, ಒಬ್ಬಟ್ಟು, ಗೊಂಬೆ ಕೂರಿಸಿದ ಮನೆಗಳಲ್ಲಿ ಬೊಂಬೆ ಬಾಗಿನ. ಹೇಗೆ ದಾಟುವುದು?

ಹಿರಿಯಜ್ಜಿ, ಮಂಡ್ಯ

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಾನೂ ಒಬ್ಬಳು ಅತ್ತೆ. ನನ್ನ ಸೊಸೆಗೂ ಶುಗರ್. ಅವಳು ಮೊದಮೊದಲು "ನನಗೆ ಅನ್ನ ಬೇಡ" ಅಂತ ಎದ್ದು ಹೋದಾಗ ನನಗೆ ಆದ ಸಂಕಟ ಅಡುಗೆ ಉಳಿಯಿತು ಅಂತಲ್ಲ. ಮನೆಯಲ್ಲಿ ನನ್ನಿಂದ ಆಗುವ ಕೆಲಸ ಅದೊಂದೇ. ಅದೂ ಬೇಡವಾಯಿತಲ್ಲ ಅಂತ. ನಿಮ್ಮ ಅತ್ತೆಗೂ ಹಾಗೇ ಅನ್ನಿಸುತ್ತಿರಬಹುದು ಮಗಳೇ.

ಆಮೇಲೆ ಸೊಸೆ ಒಂದು ಕೆಲಸ ಮಾಡಿದಳು. ರಿಪೋರ್ಟ್ ತಂದು ನನ್ನ ಪಕ್ಕ ಕೂತು ಅಂಕಿ ತೋರಿಸಿದಳು. "ಅತ್ತೆ, ಡಾಕ್ಟರು ಸೊಪ್ಪು ಕಾಳು ಜಾಸ್ತಿ ತಿನ್ನಬೇಕು ಅಂದಿದ್ದಾರೆ. ನಿಮ್ಮ ಹಿತಕಿದ ಅವರೆಕಾಳು, ಎಣ್ಣೆಗಾಯಿ ನನಗೆ ಬರಲ್ಲ, ನೀವೇ ಮಾಡಿಕೊಡಬೇಕು" ಅಂದಳು. ಅವತ್ತಿಂದ ಬೆಳಗ್ಗೆ ಎದ್ದು ಇವತ್ತು ಇವಳಿಗೆ ಏನು ಮಾಡಲಿ ಅಂತ ಯೋಚನೆ ಮಾಡುತ್ತೇನೆ. ಈರನಗೆರೆ ಬದನೆಕಾಯಿ ಮೈಸೂರಿನಲ್ಲಿ ಸಿಗುತ್ತಲ್ಲ, ಅದನ್ನು ತಂದು ಕೊಟ್ಟು ಕೇಳಿ ನೋಡಿ. ಬೇಡ ಅನ್ನುವುದನ್ನು ಬಿಟ್ಟು "ಇದನ್ನ ಇನ್ನೊಂದು ಸೌಟು ಹಾಕಿ ಅತ್ತೆ" ಅನ್ನಿ.

ಹಬ್ಬದ ದಿನ ಒಬ್ಬಟ್ಟು ಪೂರ್ತಿ ಬಿಡಬೇಡಿ. ದೇವರ ಎಡೆಗಿಟ್ಟಿದ್ದು ಒಂದು ತಿನ್ನಿ. ಊಟದ ಕೊನೆಗೆ ತಿನ್ನಿ, ಖಾಲಿ ಹೊಟ್ಟೆಗೆ ಬೇಡ. ಆವತ್ತು ಅನ್ನ ಬಿಡಿ. ಗೊಂಬೆ ಮನೆಗಳಲ್ಲಿ ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಬನ್ನಿ, ಮಕ್ಕಳಿಗೆ ಕೊಡಿ. ಯಾರೂ ತಪ್ಪು ತಿಳಿಯಲ್ಲ. ನವರಾತ್ರಿಯಲ್ಲಿ ದಿನಾ ಒಂದೊಂದು ಉಸಲಿ ಮಾಡುತ್ತಾರೆ. ಕಡಲೆಕಾಳು, ಹೆಸರುಕಾಳು, ಅಲಸಂದೆ. ಅದನ್ನು ಧೈರ್ಯವಾಗಿ ತಿನ್ನಿ.

ಬೆಣ್ಣೆಪನೀರ್, ಮೈಸೂರು

ಅಜ್ಜಿ ಹೇಳಿದ್ದು ಓದಿ ಕಣ್ಣು ತುಂಬಿತು. ಆದರೆ ಒಂದು ಒಬ್ಬಟ್ಟು ಅನ್ನುವುದರಲ್ಲಿ ನನಗೆ ಈಗಲೂ ಭಯವಿದೆ. ನನ್ನಂಥವರಿಗೆ ಒಂದು ಹತ್ತಾಗುತ್ತದೆ. ಹಬ್ಬ ಮುಗಿದ ಮೇಲೂ ವಾರಗಟ್ಟಲೆ ಸಿಹಿಯ ಆಸೆ ಕಾಡುತ್ತದೆ. ನನಗೆ ಪೂರ್ತಿ ಬಿಡುವುದೇ ಸುಲಭ. ಇದನ್ನು ಹಠ ಅಂದುಕೊಳ್ಳಬೇಡಿ.

ಊಟದಲೆಕ್ಕ, ಮೈಸೂರು

ಹಠ ಅಲ್ಲ. ಎರಡು ಥರದವರೂ ಇದ್ದಾರೆ. ಕೆಲವರಿಗೆ ಒಂದು ಚೂರು ಸಿಕ್ಕರೆ ತೃಪ್ತಿ, ಇನ್ನು ಕೆಲವರಿಗೆ 'ಇಲ್ಲ' ಅನ್ನುವ ಗೆರೆ ಇದ್ದರೇ ನೆಮ್ಮದಿ. ನೀವು ಯಾವ ಥರ ಅಂತ ಹಿಂದಿನ ಹಬ್ಬಗಳನ್ನು ನೆನೆಸಿಕೊಂಡರೆ ಗೊತ್ತಾಗುತ್ತದೆ. ಆದರೆ ಸಂಜೆಹಸಿವು ಅವರಿಗೆ ಕೀಟೋ ಬೇಕೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಧಾನ್ಯದಿಂದ ಬರುವ ಶಕ್ತಿ 45 ಶೇಕಡಾ ಮೀರಬಾರದು ಎಂದಿದೆ. ಬಹಳ ಮನೆಗಳಲ್ಲಿ ಅದು 50ರಿಂದ 70 ಇದೆ. ಅಲ್ಲಿಂದ ಇಳಿದರೇ ದೊಡ್ಡ ಬದಲಾವಣೆ.

ಮಲಬದ್ಧತೆಗೆ: ಪನೀರ್ ಜಾಸ್ತಿಯಾಗಿ ಸೊಪ್ಪು ಕಡಿಮೆಯಾದರೆ ಹೀಗಾಗುತ್ತದೆ. ನೀರು ಕುಡಿಯಿರಿ. ಹುರಿದ ಅಗಸೆಬೀಜದ ಪುಡಿ ಒಂದು ಚಮಚ ಮೊಸರಿಗೆ ಹಾಕಿಕೊಳ್ಳಿ. ಸೀಬೆಹಣ್ಣು ಬೀಜ ಸಮೇತ ಅರ್ಧ ತಿನ್ನಬಹುದು.

ಸಂಜೆಹಸಿವು, ಮೈಸೂರು

ಅಜ್ಜಿ, ಬದನೆಕಾಯಿ ತಂದುಕೊಟ್ಟೆ. ನಮ್ಮ ಅತ್ತೆಯವರು ಎಣ್ಣೆಗಾಯಿ ಮಾಡಿದರು. ಕಡಲೆಕಾಯಿ, ಎಳ್ಳು, ಕೊಬ್ಬರಿ ಹುರಿದು ತುಂಬಿದ್ದು. ಮೂರು ಬದನೆಕಾಯಿ ಬಡಿಸಿ, "ಬೆಲ್ಲ ಹಾಕಿಲ್ಲ ಕಣಮ್ಮ, ನಿನಗೋಸ್ಕರ" ಅಂದರು.

ಇನ್ನೊಂದು ಪ್ರಶ್ನೆ. ಈ ಭಾನುವಾರ ನಂಟರ ಮನೆ ಗೃಹಪ್ರವೇಶ. ಬಾಳೆಎಲೆ ಊಟ. ಅಲ್ಲಿ ಏನು ಮಾಡಲಿ? ಮನೆಯಲ್ಲಿ ಗ್ಲೂಕೋಮೀಟರ್ ತಂದಿದ್ದೇವೆ. ಯಾವಾಗ ನೋಡಬೇಕು?

ಟ್ರೈನ್‌ಪಾಸ್, ಮಂಡ್ಯ

ಮೊದಲ ಪಂಕ್ತಿಗೆ ಕೂರಿ, ತಡವಾದಷ್ಟೂ ಹಸಿವು ಜಾಸ್ತಿ. ಎಲೆಗೆ ಮೊದಲು ಬೀಳುವುದೇ ಕೋಸಂಬರಿ, ಪಲ್ಯ. ಅವನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ಬಡಿಸುವವರು ಅನ್ನ ತರುವ ಹೊತ್ತಿಗೆ ಕೈ ಅಡ್ಡ ಹಿಡಿದು ಅರ್ಧ ಸೌಟು ಸಾಕು ಅನ್ನಿ. ಹಪ್ಪಳ, ಬೋಂಡ, ಪಾಯಸ ಮೂರರಲ್ಲಿ ಬೇಕಾದ್ದು ಒಂದು ಆರಿಸಿಕೊಳ್ಳಿ. ಕೊನೆಗೆ ಮಜ್ಜಿಗೆ ಲೋಟದಲ್ಲಿ ಕೇಳಿ.

ನಿವೃತ್ತ ಮೇಷ್ಟ್ರು, ಪಾಂಡವಪುರ

ಗ್ಲೂಕೋಮೀಟರ್: ಬೆಳಗ್ಗೆ ಏನೂ ತಿನ್ನುವ ಮೊದಲು ಒಂದು ಸಲ. ಮತ್ತೆ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ಒಂದು ಸಲ. ಊಟ ಮುಗಿದಾಗಿನಿಂದ ಅಲ್ಲ, ಶುರುವಾದಾಗಿನಿಂದ ಎಣಿಸಿ. ಬೆಳಗ್ಗೆ 100ರ ಒಳಗೆ, ಊಟದ ನಂತರ 140ರ ಒಳಗೆ ಇದ್ದರೆ ಒಳ್ಳೆಯದು. ಬೆರಳನ್ನು ಸೋಪು ಹಾಕಿ ತೊಳೆದು ಒರೆಸಿ ಚುಚ್ಚಿ. ಪಾಯಸ ಮುಟ್ಟಿದ ಕೈಯಲ್ಲೇ ನೋಡಿದರೆ ಅಂಕಿ ಸುಳ್ಳೇ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಅಂಕಿ ಪಕ್ಕ ಏನು ಉಂಡಿರಿ ಅಂತ ಬರೆಯಿರಿ. ಮುದ್ದೆ ಉಂಡ ದಿನ, ಅನ್ನ ಉಂಡ ದಿನ, ಎರಡೂ ಇಲ್ಲದ ದಿನ. ಯಾವುದು ನಿಮಗೆ ಆಗಿಬರುತ್ತದೆ ಅಂತ ನಿಮ್ಮ ರಕ್ತವೇ ಹೇಳುತ್ತದೆ, ನಾವು ಹೇಳಬೇಕಿಲ್ಲ.

ಸಂಜೆಹಸಿವು, ಮೈಸೂರು

ಸರಿ ಸರ್, ಹಾಗೇ ಮಾಡುತ್ತೇನೆ. ಮೂರು ತಿಂಗಳ ಪರೀಕ್ಷೆ ಮುಂದಿನ ತಿಂಗಳಿದೆ, ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಬೆರಕೆಸೊಪ್ಪು ಅಕ್ಕಾ, ಹುರುಳಿಕಾಳು ಮೊಳಕೆ ಬರಿಸಿ ಬಸ್ಸಾರಿಗೆ ಹಾಕಬಹುದಾ?

ಬೆರಕೆಸೊಪ್ಪು, ಶ್ರೀರಂಗಪಟ್ಟಣ ತಾಲ್ಲೂಕು

ಹಾಕಬಹುದು. ರಾತ್ರಿ ನೆನೆಸಿ, ಬೆಳಗ್ಗೆ ನೀರು ಸೋಸಿ, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮುಚ್ಚಿಡಿ. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತದೆ. ಹುರುಳಿ ಬೇಯಲು ಹೊತ್ತು ಹಿಡಿಯುತ್ತದೆ, ಕುಕ್ಕರಿನಲ್ಲಿ ಮೊದಲು ಕೂಗಿಸಿಕೊಂಡು ಆಮೇಲೆ ಸೊಪ್ಪು ಸೇರಿಸಿ.